ಮನೆಖರ್ಚು ಉಳಿತಾಯ: ಗ್ಯಾಸ್, ಕರೆಂಟ್, ನೀರು, ದಿನಸಿ. ಅಳತೆ ಸಮೇತ ಬರೆಯಿರಿ

ಲೆಕ್ಕದಪುಸ್ತಕ

ಉಳಿತಾಯ ಅಂದ ಕೂಡಲೇ ಎಲ್ಲರೂ ಹೇಳೋದು ಒಂದೇ: ಲೈಟ್ ಆರಿಸಿ, ಚಾರ್ಜರ್ ಕಿತ್ತಿಡಿ. ಆರಿಸಬೇಡಿ ಅಂತ ಹೇಳ್ತಿಲ್ಲ. ಆದರೆ 9 ವ್ಯಾಟಿನ ಎಲ್ಇಡಿ ಬಲ್ಬು ದಿನಕ್ಕೆ 2 ಗಂಟೆ ಸುಮ್ಮನೆ ಉರಿದರೂ ತಿಂಗಳಿಗೆ ಆಗೋದು ಅರ್ಧ ಯೂನಿಟ್ಟು. ಫೋನಿಲ್ಲದೆ ನೇತಾಡುವ ಚಾರ್ಜರ್ ತಿಂಗಳಿಗೆ ಕಾಲು ಯೂನಿಟ್ಟೂ ತಿನ್ನೋದಿಲ್ಲ. ಅದೇ ಮನೆಯಲ್ಲಿ ಒಬ್ಬರ ಒಂದು ಬಕೆಟ್ ಬಿಸಿನೀರಿಗೆ ದಿನಾ ಸುಮಾರು 0.4 ಯೂನಿಟ್ ಹೋಗುತ್ತೆ. ನಾಲ್ಕು ಜನ ಅಂದರೆ ತಿಂಗಳಿಗೆ 50 ಯೂನಿಟ್. ಮನೆಯಲ್ಲಿ ದುಡ್ಡು ಸೋರುವುದು ಬಿಸಿ ಮಾಡುವ ಕೆಲಸದಲ್ಲಿ. ಒಲೆ, ಗೀಸರ್, ಇಸ್ತ್ರಿ ಪೆಟ್ಟಿಗೆ ಮೊದಲು, ಉಳಿದದ್ದೆಲ್ಲ ಆಮೇಲೆ.

ಈ ಎಳೆಯಲ್ಲಿ ಗೊತ್ತಿರುವವರು ಅಳತೆ, ವಿಧಾನ, ಎಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ ಅಂತ ಬಿಡಿಸಿ ಬರೆದರೆ ಉಪಯೋಗ. ಲೆಕ್ಕಕ್ಕೆ ಎಲ್ಲರೂ ಒಂದೇ ದರ ಹಿಡಿಯೋಣ: ಕರೆಂಟ್ ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ, 14.2 ಕೆಜಿ ಸಿಲಿಂಡರ್ 875 ರೂಪಾಯಿ. ನಿಮ್ಮೂರಿನ ದರ ಬೇರೆ ಇದ್ದರೆ ಅದನ್ನೇ ಹಾಕಿ ಗುಣಿಸಿಕೊಳ್ಳಿ.

ಒಲೆ ರಿಪೇರಿ

ಗ್ಯಾಸಿನಿಂದ ಶುರು ಮಾಡ್ತೀನಿ. ಐಎಸ್‌ಐ ಗುರುತಿನ ಒಲೆ ಕನಿಷ್ಠ 68% ಶಾಖವನ್ನು ಪಾತ್ರೆಗೆ ಕೊಡಬೇಕು ಅಂತ ನಿಯಮ ಇದೆ. ಅದು ಹೊಸ ಒಲೆ, ಸರಿಯಾದ ಪಾತ್ರೆ ಇಟ್ಟು ಅಳೆದಾಗಿನ ಮಾತು. ಜಿಡ್ಡು ಕೂತ ಬರ್ನರ್, ಸಣ್ಣ ಪಾತ್ರೆ, ಫ್ಯಾನಿನ ಗಾಳಿ ಸೇರಿದರೆ ಅಷ್ಟು ಸಿಗೋದಿಲ್ಲ.

ಜ್ವಾಲೆ ನೋಡಿದರೆ ಸಾಕು, ಒಲೆಯ ಸ್ಥಿತಿ ಗೊತ್ತಾಗುತ್ತೆ. ನೀಲಿ, ಒಳಗೆ ಚೂಪಾದ ಪುಟ್ಟ ಪುಟ್ಟ ಕೋನ ಇದ್ದರೆ ಸರಿ. ತುದಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗ್ತಿದ್ದರೆ ಗಾಳಿ ಸಾಕಾಗ್ತಿಲ್ಲ, ಗ್ಯಾಸ್ ಪೂರ್ತಿ ಉರೀತಿಲ್ಲ. ಜ್ವಾಲೆ ಬರ್ನರ್ ಬಿಟ್ಟು ಮೇಲೆದ್ದು ಭರ್ ಅಂತಿದ್ದರೆ ಗಾಳಿ ಹೆಚ್ಚಾಗಿದೆ. ಒಲೆಯ ಕೆಳಗೆ ಬರ್ನರ್ ಪೈಪಿನ ಬುಡದಲ್ಲಿ ತಿರುಗುವ ಒಂದು ಪಟ್ಟಿ ಇರುತ್ತೆ. ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಸರಿ ಮಾಡಬಹುದು.

ಬರ್ನರ್ ಟೋಪಿಯನ್ನು ವಾರಕ್ಕೊಮ್ಮೆ ಬಿಸಿನೀರು, ಸೋಪು ಹಾಕಿ ಉಜ್ಜಿ. ಹಿತ್ತಾಳೆಯದಾದರೆ ಹುಣಸೆಹಣ್ಣು ಸಾಕು. ತೂತುಗಳನ್ನು ಸೂಜಿಯಿಂದ ಬಿಡಿಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಒದ್ದೆ ಇದ್ದರೆ ಜ್ವಾಲೆ ಹಾರುತ್ತೆ. ಆದರೆ ಒಳಗಿನ ಜೆಟ್‌ಗೆ, ಅಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ತುದಿಗೆ, ಮಾತ್ರ ಸೂಜಿ ಹಾಕಬೇಡಿ. ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಹೆಚ್ಚು ಬರುತ್ತೆ, ಗಾಳಿ ಅಷ್ಟೇ ಇರುತ್ತೆ, ಒಲೆ ಕಾಯಂ ಹಳದಿಯಾಗುತ್ತೆ. ಆಮೇಲೆ ಜೆಟ್ಟನ್ನೇ ಬದಲಿಸಬೇಕು.

ಪಾತ್ರೆಯ ಅಂಚು ದಾಟಿ ಹೊರಗೆ ಬಂದ ಜ್ವಾಲೆಯೆಲ್ಲ ನಷ್ಟ. ಹಾಲು ಕಾಯಿಸಲು, ಒಗ್ಗರಣೆಗೆ ಸಣ್ಣ ಬರ್ನರ್. ಮುಚ್ಚಳ ಯಾಕೆ ಮುಖ್ಯ ಅಂದರೆ, 1 ಲೀಟರ್ ನೀರು ಕುದಿಯೋವರೆಗೆ ಎಷ್ಟು ಶಾಖ ಬೇಕೋ ಅದೇ ನೀರು ಪೂರ್ತಿ ಆವಿಯಾಗಲು ಅದರ 7 ಪಟ್ಟು ಬೇಕು. ಸಾರು ತೆರೆದಿಟ್ಟು ಕುದಿಸಿ ಕಾಲು ಲೀಟರ್ ಇಂಗಿಸಿದರೆ, ಸುಮಾರು 2 ಲೀಟರ್ ನೀರು ಹೊಸದಾಗಿ ಕುದಿಸುವಷ್ಟು ಗ್ಯಾಸ್ ಹೋಯಿತು. ಕುದಿ ಬಂದ ಮೇಲೆ ಉರಿ ಜೋರಿದ್ದರೂ ನೀರು ಅದಕ್ಕಿಂತ ಬಿಸಿಯಾಗಲ್ಲ, ಆವಿ ಹೆಚ್ಚುತ್ತೆ ಅಷ್ಟೇ.

ಸಿಲಿಂಡರ್ ತೆಗೆದುಕೊಳ್ಳುವಾಗ ತೂಕ ಹಾಕಿಸಿ. ಖಾಲಿ ತೂಕ ಸಿಲಿಂಡರ್ ಮೇಲೇ ಬರೆದಿರುತ್ತೆ. ಅದಕ್ಕೆ 14.2 ಸೇರಿಸಿದರೆ ಬರಬೇಕಾದ ತೂಕ. ತಂದವರ ಹತ್ತಿರ ತಕ್ಕಡಿ ಇರಬೇಕು, ಕೇಳುವ ಹಕ್ಕು ನಿಮಗಿದೆ. ರಬ್ಬರ್ ಪೈಪು 5 ವರ್ಷಕ್ಕೆ ಬದಲಿಸಿ. ಸೋರಿಕೆ ಅನುಮಾನ ಬಂದರೆ ಸೋಪಿನ ನೊರೆ ಹಚ್ಚಿ ನೋಡಿ, ಬೆಂಕಿಕಡ್ಡಿ ಗೀರಬೇಡಿ. ಗುಳ್ಳೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಹೊಸಮನೆ

ಕುಕ್ಕರಿನಲ್ಲಿ ತೊಗರಿಬೇಳೆಗೆ 6 ವಿಷಲ್ ಕೂಗಿಸಿದರೂ ನುಣ್ಣಗೆ ಬೇಯಲ್ಲ. ಬೋರ್‌ವೆಲ್ ನೀರು. ಕುಕ್ಕರ್ ಬದಲಿಸಬೇಕಾ?

ಅಡುಗೆಮನೆ ಅತ್ತಿಗೆ

ಕುಕ್ಕರ್ ಬದಲಿಸಬೇಡಮ್ಮ. ಮೂರು ಕಾರಣ ಇರಬಹುದು, ಒಂದೊಂದಾಗಿ ನೋಡು.

ಮೊದಲನೆಯದು ನೀರು. ಗಡಸು ನೀರಿನ ಸುಣ್ಣದಂಶ ಬೇಳೆಯ ಜೀವಕೋಶಗಳ ಗೋಡೆಯನ್ನು ಗಟ್ಟಿ ಹಿಡಿದುಕೊಳ್ಳುತ್ತೆ. ಒಂದು ಸಲ ಫಿಲ್ಟರ್ ನೀರಲ್ಲೋ ಮಳೆನೀರಲ್ಲೋ ಬೇಯಿಸಿ ನೋಡು. ಬೆಂದರೆ ನೀರಿನದೇ ತೊಂದರೆ. ಬೇಳೆಗೆ ಬೇಕಾದ ಎರಡು ಮೂರು ಲೋಟವನ್ನಷ್ಟೇ ಫಿಲ್ಟರಿನಿಂದ ಹಿಡಿ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬೇಗ ಕರಗುತ್ತೆ ನಿಜ. ಆದರೆ ರುಚಿ ಕೆಡುತ್ತೆ, ಬಿ ಜೀವಸತ್ವವೂ ಹೋಗುತ್ತೆ, ರೂಢಿ ಮಾಡಿಕೊಳ್ಳಬೇಡ.

ಎರಡನೆಯದು ಹುಳಿ. ಹುಣಸೆ, ಟೊಮೆಟೊ ಬೇಳೆಯ ಜೊತೆಗೇ ಹಾಕಿದರೆ ಬೇಳೆ ಬಿರುಸಾಗಿ ಉಳಿಯುತ್ತೆ. ಬೆಂದ ಮೇಲೆ ಹಾಕು.

ಮೂರನೆಯದು ಹಳೆಯ ಬೇಳೆ. ಸೆಕೆ, ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಬೇಳೆ ಎಷ್ಟು ಕೂಗಿಸಿದರೂ ಹಾಗೇ.

ವಿಷಲ್ ಎಣಿಸೋದನ್ನು ಬಿಟ್ಟು ನಿಮಿಷ ಎಣಿಸು. ವಿಷಲ್ ಅಂದರೆ ಕಾಸು ಕೊಟ್ಟು ಮಾಡಿದ ಆವಿ ಹೊರಗೆ ಹೋಗೋ ಸದ್ದು. ತೊಗರಿಬೇಳೆ ಅರ್ಧ ಗಂಟೆ ನೆನೆಯಲಿ. 1 ಲೋಟಕ್ಕೆ 2ರಿಂದ ಎರಡೂವರೆ ಲೋಟ ನೀರು, ಅರಿಶಿನ, ನೊರೆ ಉಕ್ಕದ ಹಾಗೆ ಎರಡು ಹನಿ ಎಣ್ಣೆ. ಜೋರು ಉರಿಯಲ್ಲಿ ಒಂದು ವಿಷಲ್ ಬರಲಿ, ಆಮೇಲೆ ಪೂರ್ತಿ ಸಣ್ಣಗೆ ಮಾಡಿ 6ರಿಂದ 8 ನಿಮಿಷ. ವೆಯ್ಟ್ ಸುಮ್ಮನೆ ಸಿಳ್ ಸಿಳ್ ಅನ್ನುತ್ತಿರಬೇಕು, ಕೂಗಬಾರದು. ಆರಿಸಿ ಹಾಗೇ ಬಿಡು. ಪ್ರೆಶರ್ ತಾನಾಗಿ ಇಳಿಯುವ 10 ನಿಮಿಷದಲ್ಲಿ ಬೇಯೋ ಕೆಲಸ ನಡೆದೇ ಇರುತ್ತೆ. ವೆಯ್ಟ್ ಎತ್ತಿ ಆವಿ ಬಿಟ್ಟರೆ ಆ 10 ನಿಮಿಷ ಹೋಯಿತು. ಕಡಲೆಕಾಳು, ಬಟಾಣಿ ರಾತ್ರಿಯೆಲ್ಲ ನೆನೆದಿದ್ದರೆ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಸಾಕು. ನೆನೆಸದೆ ಹಾಕಿದರೆ ಎರಡರಷ್ಟಾದರೂ ಹಿಡಿಯುತ್ತೆ.

ಒಂದೇ ಉರಿಯಲ್ಲಿ ಮೂರು ಅಡುಗೆ ಆಗಬೇಕು. ತಳದಲ್ಲಿ ಎರಡು ಬೆರಳು ನೀರು, ಕೆಳಗಿನ ಡಬ್ಬಿಯಲ್ಲಿ ಬೇಳೆ, ನಡುವೆ ತರಕಾರಿ, ಮೇಲೆ ಅಕ್ಕಿ. ತರಕಾರಿ ದೊಡ್ಡ ಹೋಳಾಗಿರಲಿ, ಇಲ್ಲದಿದ್ದರೆ ಮುದ್ದೆಯಾಗುತ್ತೆ. ಡಬ್ಬಿಯಿಲ್ಲದೆ ಬೇಳೆಯನ್ನು ಕುಕ್ಕರಿಗೇ ಹಾಕೋದಾದರೆ ಅರ್ಧಕ್ಕಿಂತ ಮೇಲೆ ತುಂಬಬೇಡ, ನೊರೆ ಹೋಗಿ ಆವಿಯ ತೂತು ಕಟ್ಟುತ್ತೆ. ವೆಯ್ಟ್ ಏಳುವ ಮೊದಲೇ ಅಂಚಿನಿಂದ ಆವಿ ಬರ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ. ತಣ್ಣೀರಲ್ಲಿ ಹಾಕಿಟ್ಟರೆ ಸ್ವಲ್ಪ ದಿನ ನಡೆಯುತ್ತೆ, ಆಮೇಲೆ ಅದೇ ಕಂಪನಿಯದು ಹೊಸದು ತಗೋ. ಸೇಫ್ಟಿ ವಾಲ್ವ್‌ನಲ್ಲಿ ಮಾತ್ರ ಅಗ್ಗದ ನಕಲಿ ಮಾಲು ಬೇಡವೇ ಬೇಡ.

ಪಡುಗಡಲು

ಬೆಳ್ತಿಗೆ (ಬಿಳಿ) ಅಕ್ಕಿಗೆ ಇದೆಲ್ಲ ಸರಿ. ನಮ್ಮ ಊರಿನ ಕಡೆ ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಉರಿ ಬೇಕು ಮಾರಾಯ್ರೆ. ಅಲ್ಲಿ ಗ್ಯಾಸ್ ಉಳಿಸುವುದು ಥರ್ಮಲ್ ಕುಕ್ಕರ್. ಮಂಗಳೂರು, ಉಡುಪಿಯಲ್ಲಿ ಪಾತ್ರೆ ಅಂಗಡಿಗೆ ಹೋದರೆ ಸಿಗ್ತದೆ. ಶಾಖ ಹಿಡಿಯುವ ದಪ್ಪ ಡಬ್ಬ, ಒಳಗೆ ಸ್ಟೀಲ್ ಪಾತ್ರೆ, ಅಷ್ಟೇ. ಕರೆಂಟು ಬೇಡ.

ಕ್ರಮ ಹೀಗೆ: 1 ಲೋಟ ಅಕ್ಕಿಗೆ 5ರಿಂದ 6 ಲೋಟ ನೀರು. ನೀರು ಮೊದಲು ಕುದಿಯಲಿ, ತೊಳೆದ ಅಕ್ಕಿ ಹಾಕಿ, ಪುನಃ ಕುದಿ ಬಂದ ಮೇಲೆ 15ರಿಂದ 20 ನಿಮಿಷ ಮುಚ್ಚಿ ಬೇಯಿಸಿ. ಕುದಿಯುತ್ತಿರುವಾಗಲೇ ಪಾತ್ರೆ ಎತ್ತಿ ಡಬ್ಬದೊಳಗೆ ಇಟ್ಟು ಮುಚ್ಚಿ. ಒಂದರಿಂದ ಒಂದೂವರೆ ಗಂಟೆ ತೆಗೆಯಬಾರದು. ನಡುವೆ ಬೆಂದಿತಾ ಅಂತ ಮುಚ್ಚಳ ತೆಗೆದು ನೋಡಿದರೆ ಶಾಖ ಹೋಯಿತು, ಮತ್ತೆ ಒಲೆಗೆ ಇಡಬೇಕಾಗ್ತದೆ. ಬೆಂದ ಮೇಲೆ ಅನ್ನ ಬಸಿಯಿರಿ, ತೆಳಿ ಚೆಲ್ಲಬೇಡಿ, ಉಪ್ಪು ಹಾಕಿ ಕುಡಿಯಲಿಕ್ಕೆ ಆಗ್ತದೆ.

ಕೆಡುವುದು ಎಲ್ಲಿ ಅಂದರೆ, ದೊಡ್ಡ ಪಾತ್ರೆಯಲ್ಲಿ ಒಂದು ಮುಷ್ಟಿ ಅಕ್ಕಿ ಹಾಕಿದಾಗ. ಪಾತ್ರೆ ಮುಕ್ಕಾಲು ಭಾಗ ತುಂಬಿರಬೇಕು, ನೀರಿನಲ್ಲೇ ಶಾಖ ಇರುವುದು. ಇಬ್ಬರಿಗೆ ದೊಡ್ಡ ಅಳತೆಯದು ಬೇಡ, ಸಣ್ಣದು ತೆಗೆದುಕೊಳ್ಳಿ.

ಹೊಸಮನೆ

ಬೆಳಿಗ್ಗೆ ಇಟ್ಟು ಕೆಲಸಕ್ಕೆ ಹೋಗಿ ಸಂಜೆ ತೆಗೆಯಬಹುದಾ?

ಪಡುಗಡಲು

ಬೇಡ. 60 ಡಿಗ್ರಿಗಿಂತ ಕೆಳಗೆ ಬಂದ ಅನ್ನದಲ್ಲಿ ಕ್ರಿಮಿ ಬೆಳೆಯಲು ಶುರುವಾಗ್ತದೆ, ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಬಸಿದುಬಿಡಿ. ಡಬ್ಬ ಇಲ್ಲದವರು ಹಳೆಯ ಕಂಬಳಿ ಸುತ್ತಿಯೂ ಮಾಡ್ತಾರೆ, ಬೆಳ್ತಿಗೆ ಅನ್ನಕ್ಕೆ ಆದೀತು, ಕುಚ್ಚಲಕ್ಕಿಗೆ ಅಷ್ಟು ಹೊತ್ತು ಶಾಖ ನಿಲ್ಲುವುದಿಲ್ಲ.

ಮೀಟರ್‌ಬೋರ್ಡು

ಗ್ಯಾಸೋ ಇಂಡಕ್ಷನ್ನೋ ಅನ್ನೋ ಪ್ರಶ್ನೆ ಇಲ್ಲಿ ಬಂದೇ ಬರುತ್ತೆ, ಅದಕ್ಕೆ ಮೊದಲೇ ಲೆಕ್ಕ ಹಾಕಿಬಿಡ್ತೀನಿ.

1 ಲೀಟರ್ ನೀರು ಕುದಿಸಲು ನೀರಿಗೆ ಸೇರಬೇಕಾದ ಶಾಖ ಸುಮಾರು 0.085 ಯೂನಿಟ್. ಇಂಡಕ್ಷನ್ನಿನಲ್ಲಿ ಸುಮಾರು 85% ಪಾತ್ರೆಗೆ ಹೋಗುತ್ತೆ, ಅಂದರೆ 0.1 ಯೂನಿಟ್, 70 ಪೈಸೆ. ಗ್ಯಾಸಿನಲ್ಲಿ ದಿನಬಳಕೆಯ 60% ಹಿಡಿದರೆ 11 ಗ್ರಾಂ ಉರಿಯುತ್ತೆ, 68 ಪೈಸೆ. ಎರಡೂ ಒಂದೇ. ಒಲೆ ಚೆನ್ನಾಗಿದ್ದವರು ಉಳಿತಾಯ ಅಂತ ಇಂಡಕ್ಷನ್ ಕೊಂಡರೆ ಅದರ ಬೆಲೆಯೇ ಹುಟ್ಟೋದಿಲ್ಲ.

ಲೆಕ್ಕ ಬದಲಾಗುವುದು ಗೃಹಜ್ಯೋತಿಯಲ್ಲಿರುವ ಮನೆಗೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮಗೆ ಉಚಿತವಾಗಿ ಸಿಗುವುದು ನೇರ 200 ಯೂನಿಟ್ ಅಲ್ಲ. 2022-23ರ ನಿಮ್ಮ ತಿಂಗಳ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿದ ಯೂನಿಟ್, ಬಿಲ್ಲಿನಲ್ಲಿ ಅದು ನಮೂದಾಗಿರುತ್ತೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಹಾಗಾಗಿ ಅರ್ಹತೆ 130, ಬಳಕೆ 100 ಇರುವ ಮನೆಗೆ ಉಳಿದ 30 ಯೂನಿಟ್ಟಿನಲ್ಲಿ ನೀರು ಕಾಯಿಸೋದು, ಹಾಲು, ಕಾಫಿ ಎಲ್ಲ ಇಂಡಕ್ಷನ್ ಮೇಲೆ ಮಾಡಿದರೆ ತಿಂಗಳಿಗೆ 3 ಕೆಜಿಗಿಂತ ಹೆಚ್ಚು ಗ್ಯಾಸ್ ಉಳಿಯುತ್ತೆ. 190ರ ಹತ್ತಿರ ಇರುವವರು ಇಂಡಕ್ಷನ್ ಮುಟ್ಟಬೇಡಿ. ರೀಡಿಂಗ್ ತಾರೀಕಿಗೆ ಒಂದು ವಾರ ಮೊದಲೇ ಮೀಟರ್ ನೋಡಿಕೊಳ್ಳಿ.

ಯಾವ ಸಾಮಾನು ಎಷ್ಟು ಎಳೆಯುತ್ತೆ ಅಂತ ತಿಳಿಯಲು ಬೇರೆ ಉಪಕರಣ ಬೇಡ. ಮೀಟರಿನಲ್ಲಿ ಕೆಂಪು ದೀಪ ಮಿಟುಕುತ್ತಿರುತ್ತೆ. ಪಕ್ಕದಲ್ಲೇ ಯೂನಿಟ್‌ಗೆ 3200 ಅಥವಾ 1600 ಮಿಟುಕು ಅಂತ ಅಚ್ಚಾಗಿರುತ್ತೆ. ಎಲ್ಲ ಬಂದ್ ಮಾಡಿ ಒಂದೇ ಸಾಮಾನು ಹಾಕಿ. ಒಂದು ನಿಮಿಷಕ್ಕೆ ಎಷ್ಟು ಮಿಟುಕು ಎಣಿಸಿ, 60ರಿಂದ ಗುಣಿಸಿ, 3200ರಿಂದ (1600ರ ಮೀಟರಾದರೆ 1600ರಿಂದ) ಭಾಗಿಸಿ. ನಿಮಿಷಕ್ಕೆ 8 ಬಂದರೆ 0.15, ಅಂದರೆ 150 ವ್ಯಾಟ್. ಹಳೆಯ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಒಂದು ಸಲ ಎಣಿಸಿ, ಗಂಟೆಗೆ ಎಷ್ಟು ಹೊತ್ತು ಓಡುತ್ತೆ ಅಂತಲೂ ನೋಡಿ. ನಿಲ್ಲದೆ ಓಡ್ತಿದ್ದರೆ ಬಾಗಿಲಿನ ರಬ್ಬರ್ ಸೋತಿದೆ, ಇಲ್ಲ ಹಿಂದೆ ಗೋಡೆಗೆ ಒತ್ತಿಕೊಂಡು ಗಾಳಿ ಆಡ್ತಿಲ್ಲ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಬದಲಿಸುವ ಕಾಲ.

ಫ್ಯಾನ್ ವಿಷಯಕ್ಕೆ ಬಂದರೆ ಹಳೆಯ ಫ್ಯಾನು 75 ವ್ಯಾಟ್, ಕಮ್ಮಿ ಕರೆಂಟಿನ ಹೊಸ ಬಗೆಯ ಮೋಟಾರಿರುವ ಬಿಎಲ್‌ಡಿಸಿ ಫ್ಯಾನು ಸುಮಾರು 30. ದಿನಕ್ಕೆ 12 ಗಂಟೆ ಓಡುವ ಕೋಣೆಯಲ್ಲಿ ತಿಂಗಳಿಗೆ 16 ಯೂನಿಟ್, 110 ರೂಪಾಯಿ ಉಳಿತಾಯ. ಬೆಲೆಯ ವ್ಯತ್ಯಾಸ 1500 ಇದ್ದರೆ ಒಂದೂಕಾಲು ವರ್ಷದೊಳಗೆ ಹುಟ್ಟುತ್ತೆ. ಅತಿಥಿಗಳು ಬಂದಾಗ ಮಾತ್ರ ತಿರುಗುವ ಫ್ಯಾನು ಬದಲಿಸಿದರೆ ಹುಟ್ಟೋದಿಲ್ಲ. ಸೆಟ್‌ಟಾಪ್ ಬಾಕ್ಸ್ ರಿಮೋಟಿನಿಂದ ಆರಿಸಿದರೂ ಸುಮಾರು 10 ವ್ಯಾಟ್ ಎಳೆಯುವ ಮಾದರಿಗಳಿವೆ, ತಿಂಗಳಿಗೆ 6 ಯೂನಿಟ್. ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ. ಗ್ರೈಂಡರ್, ಮಿಕ್ಸಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ತಿರುಗಿದರೆ 50 ಪೈಸೆ.

ಬಿಸಿನೀರು

ಲೆಕ್ಕದಪುಸ್ತಕ ಅವರು ಹೇಳಿದ 0.4 ಯೂನಿಟ್ 20 ಲೀಟರ್ ಬಕೆಟ್ಟಿಗೆ, 22 ಡಿಗ್ರಿಯಿಂದ 40ಕ್ಕೆ. ಅದು ತಪ್ಪಿಸಿಕೊಳ್ಳಲಾಗದ ಖರ್ಚು. ಶವರ್ ನಿಮಿಷಕ್ಕೆ 8ರಿಂದ 10 ಲೀಟರ್ ಹರಿಸುತ್ತೆ. 6 ನಿಮಿಷ ನಿಂತರೆ ಮೂರು ಬಕೆಟ್, ಯೂನಿಟ್ಟೂ ಮೂರರಷ್ಟು.

15 ಲೀಟರ್ ಗೀಸರನ್ನು ದಿನವಿಡೀ ಹಾಕಿಟ್ಟರೆ ನೀರು ಮುಟ್ಟದಿದ್ದರೂ ತಣಿಯುತ್ತಾ ಮತ್ತೆ ಕಾಯುತ್ತಾ ಇರುತ್ತೆ. 2000 ವ್ಯಾಟಿನ ಗೀಸರ್ 20 ನಿಮಿಷದಲ್ಲಿ ಕಾಯುತ್ತೆ, ಸ್ನಾನಕ್ಕೆ 20 ನಿಮಿಷ ಮೊದಲು ಹಾಕಿ, ಒಬ್ಬರ ಹಿಂದೆ ಒಬ್ಬರು ಮುಗಿಸಿ ಆರಿಸಿ. ಥರ್ಮೋಸ್ಟಾಟ್ 50ರಿಂದ 55ಕ್ಕೆ ಇಡಿ. 70ಕ್ಕೆ ಕಾಯಿಸಿ ತಣ್ಣೀರು ಬೆರೆಸೋದರಿಂದ ಲಾಭ ಇಲ್ಲ, ಶಾಖ ಸೋರೋದು ಹೆಚ್ಚು, ಸುಣ್ಣ ಕಟ್ಟೋದೂ ಹೆಚ್ಚು. ಬೋರ್‌ವೆಲ್ ನೀರಿನ ಮನೆಯಲ್ಲಿ ಗೀಸರ್ ಕಟ ಕಟ ಸದ್ದು ಮಾಡ್ತಿದ್ದರೆ ಕಾಯಿಲ್ ಮೇಲೆ ಸುಣ್ಣದ ಪದರ ಕೂತಿದೆ. ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ, ಸುಣ್ಣ ತೆಗೆಸಿ, ಜೊತೆಗೇ ಮೆಗ್ನೀಸಿಯಂ ರಾಡ್ ನೋಡಿಸಿ. ಆ ರಾಡ್ ಸವೆದು ಹೋದ ಮೇಲೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತೆ. ರಾಡ್‌ಗೆ ಹೋಗುವ ದುಡ್ಡು ಅಲ್ಪ, ಟ್ಯಾಂಕ್ ಹೋದರೆ ಹೊಸ ಗೀಸರೇ.

ಸೋಲಾರ್ ಇರುವ ಮನೆಯಲ್ಲಿ ನಷ್ಟ ಪೈಪಿನಲ್ಲಿದೆ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತೆ. ತಾರಸಿಯಿಂದ ಕೆಳಗಿನ ಬಚ್ಚಲಿಗೆ 20 ಮೀಟರ್ ಇದ್ದರೆ ಬಿಸಿ ಬರುವ ಮೊದಲು 5 ಲೀಟರ್ ತಣ್ಣೀರು. ನಾಲ್ಕು ಜನ ನಾಲ್ಕು ಹೊತ್ತಿನಲ್ಲಿ ಸ್ನಾನ ಮಾಡಿದರೆ 20 ಲೀಟರ್ ನೀರು, ಜೊತೆಗೆ ಪ್ರತಿ ಸಲ ಪೈಪಿನಲ್ಲೇ ಉಳಿದು ತಣಿಯುವ 5 ಲೀಟರ್ ಬಿಸಿನೀರು. ಸಾಲಾಗಿ ಸ್ನಾನ ಮುಗಿಸಿ, ಮೊದಲ ತಣ್ಣೀರನ್ನು ಬಕೆಟ್ಟಿಗೆ ಹಿಡಿಯಿರಿ, ಬಟ್ಟೆಗೆ ಆಗುತ್ತೆ. ಹೊಸದಾಗಿ ಪೈಪ್ ಎಳೆಸುವವರು ಒಂದೇ ಬಚ್ಚಲಿದ್ದರೆ ಅರ್ಧ ಇಂಚು ಸಾಕಾಗುತ್ತಾ ಅಂತ ಪ್ಲಂಬರನ್ನು ಕೇಳಿ, ನೀರು ಅರ್ಧದಷ್ಟೇ ನಿಲ್ಲುತ್ತೆ. ಪೈಪಿನ ಸುತ್ತ ಕಪ್ಪು ಫೋಮ್ ಕೊಳವೆ ಹಾಕಿಸಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೊಂದು ಟೇಪು.

ಒಲೆ ರಿಪೇರಿ

ಗ್ಯಾಸ್ ಗೀಸರ್ ಬಗ್ಗೆ ಯಾರೂ ಕೇಳುವ ಮೊದಲು ಒಂದು ಮಾತು. ಖರ್ಚು ಕಮ್ಮಿ ಅಂತ ಬಾಗಿಲು ಮುಚ್ಚಿದ ಬಚ್ಚಲೊಳಗೆ ಹಾಕಿಸಬೇಡಿ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಸ್ನಾನ ಮಾಡುತ್ತಲೇ ಜನ ಪ್ರಾಣ ಬಿಟ್ಟಿದ್ದಾರೆ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ, ನೀರು ಮಾತ್ರ ಒಳಗೆ. ಹಾಗೆ ಹಾಕಿಸುವ ಜಾಗ ಇಲ್ಲದಿದ್ದರೆ ಆ ಉಳಿತಾಯ ಬೇಡ.

ನಲ್ಲಿ ವಾಷರ್

ನೀರಿನದು ಚಿಕ್ಕ ಕೆಲಸ, ಆದರೆ ಟ್ಯಾಂಕರ್ ಕೊಳ್ಳುವ ಬಡಾವಣೆಗಳಲ್ಲಿ ದುಬಾರಿ ಕೆಲಸ. ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಸುರಿಸುತ್ತೆ.

ಹಳೆಯ ತಿರುಪಿನ ನಲ್ಲಿಯಾದರೆ ವಾಷರ್ ಹೋಗಿದೆ. ಅರ್ಧ ಇಂಚಿನ ನಲ್ಲಿ ವಾಷರ್ ಅಂತ ಕೇಳಿ, ಕೆಲವೇ ರೂಪಾಯಿ. ಗೇಟ್ ವಾಲ್ವ್ ಬಂದ್ ಮಾಡಿ, ನಲ್ಲಿಯ ಕತ್ತಿನ ನಟ್ಟು ಸ್ಪ್ಯಾನರಿನಿಂದ ಬಿಚ್ಚಿ, ಹಳೆಯದು ತೆಗೆದು ಹೊಸದು ಕೂರಿಸಿ. ಹೊಸ ವಾಷರ್ ಹಾಕಿದ ಮೇಲೂ ಸೋರಿದರೆ ಅದು ಕೂರುವ ಹಿತ್ತಾಳೆ ಅಂಚು ಸವೆದಿದೆ, ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ, ನಲ್ಲಿಯನ್ನೇ ಬದಲಿಸಬೇಕು. ಬಿಗಿ ಮಾಡ್ತಾ ಹೋದರೆ ವಾಷರ್ ಇನ್ನೂ ಬೇಗ ಹರಿಯುತ್ತೆ. ಕಾಲು ಸುತ್ತು ತಿರುಗುವ ಹೊಸ ಬಗೆಯದಕ್ಕೆ ವಾಷರ್ ಬರಲ್ಲ, ಒಳಗಿನ ಸ್ಪಿಂಡಲ್ ಇಡಿಯಾಗಿ ಸಿಗುತ್ತೆ. ಹಳೆಯದನ್ನು ಅಂಗಡಿಗೆ ಒಯ್ದು ಹಲ್ಲು ಎಣಿಸಿ ಹೊಂದಿಸಿ ತನ್ನಿ.

ಫ್ಲಶ್ ಟ್ಯಾಂಕ್ ಕಣ್ಣಿಗೆ ಕಾಣದಂತೆ ಸೋರುತ್ತೆ. ಟ್ಯಾಂಕಿಗೆ ಅಡುಗೆ ಬಣ್ಣ ಒಂದಿಷ್ಟು ಹಾಕಿ 15 ನಿಮಿಷ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಬಂದರೆ ತಳದ ರಬ್ಬರ್ ಹೋಗಿದೆ.

ಅಡುಗೆಮನೆ ನಲ್ಲಿಯ ತುದಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುವ ಜಾಲರಿ, ಹಾಕಿಸಿ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲುಗಳಿಗೆ ಇದನ್ನೇ ಕಡ್ಡಾಯ ಮಾಡಿದ್ದು. ಪಾತ್ರೆ ತೊಳೆಯೋದಕ್ಕೆ ತುಂಬ ಒಳ್ಳೆಯದು. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿ ಪ್ರಯೋಜನವಿಲ್ಲ, ಅದೇ ಬಕೆಟ್ಟು ನಿಧಾನವಾಗಿ ತುಂಬುತ್ತೆ ಅಷ್ಟೆ. ಗಡಸು ನೀರಿಗೆ ಜಾಲರಿ ಕಟ್ಟಿಕೊಳ್ಳುತ್ತೆ, ಬಿಚ್ಚಿ ರಾತ್ರಿ ವಿನಿಗರ್ ಅಥವಾ ನಿಂಬೆರಸದಲ್ಲಿ ಮುಳುಗಿಸಿ.

ಆರ್‌ಒ ಫಿಲ್ಟರ್ 1 ಲೀಟರ್ ಕುಡಿಯುವ ನೀರಿಗೆ 2–3 ಲೀಟರ್ ಹೊರಗೆ ಬಿಡುತ್ತೆ. ಆ ಪೈಪನ್ನು ಬಕೆಟ್ಟಿಗೆ ಬಿಡಿ, ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ, ಟಾಯ್ಲೆಟ್ಟಿಗೆ. ಗಿಡಕ್ಕೆ ದಿನಾ ಹಾಕಬೇಡಿ, ಉಪ್ಪಿನಂಶ ಮಣ್ಣಿನಲ್ಲಿ ಸೇರುತ್ತೆ.

ತೊಗರಿ ನಾಡು

ಅತ್ತಿಗೆಯವರು ಹಳೇ ಬ್ಯಾಳಿ ಕುದಿಯೂದಿಲ್ಲ ಅಂದ್ರಲ್ರೀ, ಅದು ಖರೆ. ಆದ್ರ ವರ್ಷದ ಬ್ಯಾಳಿ ಒಮ್ಮೆಲೆ ತಗೊಂಡು ಇಡೂದು ತಪ್ಪಲ್ಲ, ಇಡೂ ಪದ್ಧತಿ ಗೊತ್ತಿರಬೇಕು. ಕಲಬುರಗಿ ಕಡೆ ತೊಗರಿ ರಾಶಿ ಡಿಸೆಂಬರ್, ಜನವರಿಗೆ ಆಗತೈತಿ. ಹೊಸಾ ಬ್ಯಾಳಿ ಮಾರ್ಕೆಟ್‌ಗೆ ಬಂದು ದರ ಇಳದಾಗ ತಗೋರಿ. ದಾಲ್ ಮಿಲ್ಲಿನಾಗ ನೇರ ಸಿಕ್ರ ಇನ್ನೂ ಚಲೋ. ಮಿರಿ ಮಿರಿ ಹೊಳಿಯೂ ಪಾಲಿಶ್ ಬ್ಯಾಳಿ ಬ್ಯಾಡ್ರಿ.

ನಾಕು ಮಂದಿ ಮನಿಗೆ ತಿಂಗಳಿಗೆ 4 ಕೆಜಿ ಅಂತ ಹಿಡದ್ರ ವರ್ಷಕ್ಕ ಅರ್ಧ ಕ್ವಿಂಟಲ್. ಎರಡು ದಿನ ಕಡಕ್ ಬಿಸಲಾಗ ತೆಳ್ಳಗ ಹರವಿ ಒಣಗಸ್ರಿ. ಹಲ್ಲಾಗ ಕಡದ್ರ ಕಟಕ್ ಅನಬೇಕು. ಮೆತ್ತಗ ಚಪ್ಪಟಿ ಆದ್ರ ಇನ್ನೂ ಹಸಿ ಐತಿ. ಒಣಗಿದ್ದನ್ನ ಬಿಸಿ ಇರೂವಾಗನ ಡಬ್ಬಿಗೆ ತುಂಬಬ್ಯಾಡ್ರಿ, ಒಳಗ ಬೆವರ ಕಟ್ಟಿ ಬೂಷ್ಟ ಹಿಡೀತೈತಿ. ನೆರಳಾಗ ಪೂರಾ ಆರಲಿ. ಆಮ್ಯಾಲ ಕೆಜಿಗೆ ಒಂದು ಚಮಚ ಔಡಲೆಣ್ಣಿ ಅಂಗೈಗೆ ಹಚ್ಚಿಕೊಂಡು ಬ್ಯಾಳಿಗೆಲ್ಲಾ ತಿಕ್ಕರಿ. ಎಣ್ಣಿ ಇದ್ದಲ್ಲಿ ಹುಳ ತತ್ತಿ ಇಡೂದು ಕಡಿಮಿ. ಕುದಸೂ ಮುಂದ ಬೆಚ್ಚನ ನೀರಾಗ ತೊಳದ್ರ ಎಣ್ಣಿ ಹೋಗತೈತಿ.

ಡಬ್ಬಿ ಗಂಟಲ ಮಟ ತುಂಬರಿ, ಮ್ಯಾಲ ಗಾಳಿ ಇರಬಾರ್ದು. ತಿಂಗಳಿಗೆ ಬೇಕಾದಷ್ಟು ಸಣ್ಣ ಡಬ್ಬಿಗೆ ತಗದು ದೊಡ್ಡದು ಮುಚ್ಚಿಬಿಡ್ರಿ. ಹಳೇ ಡಬ್ಬಿ ತಳದಾಗ ಉಳದ ಬ್ಯಾಳಿ ಮ್ಯಾಲ ಹೊಸಾದು ಸುರೀಬ್ಯಾಡ್ರಿ, ಬಹಳ ಮಂದಿ ಇಲ್ಲೇ ಕೆಡಸ್ಕೊತಾರ. ಹಳೇದ್ರಾಗ ಒಂದೇ ಹುಳ ಇದ್ರೂ ಇಡೀ ಡಬ್ಬಿ ಹೋತು.

ಹೆಸರು, ಅಲಸಂದಿ ಇಡಿ ಕಾಳಿಂದು ಬ್ಯಾರೆ. ಅದಕ್ಕ ಹುಳ ಹೊಲದಾಗ ಇರೂವಾಗನ ತತ್ತಿ ಇಟ್ಟಿರತೈತಿ, ಕಾಳಿನ ಒಳಗ ಮರಿ ಬೆಳೀತಿರತಾವು. ಬರೇ ಬಿಸಲು ಸಾಲೂದಿಲ್ಲ. ಸಣ್ಣ ಪ್ರಮಾಣ ಇದ್ರ ಫ್ರೀಜರಿನಾಗ ನಾಕೈದು ದಿನ ಇಟ್ಟು, ಕವರ್ ಬಿಚ್ಚದಂಗ ಹೊರಗ ತಗದು, ರೂಮಿನ ಬಿಸಿಗೆ ಬಂದ ಮ್ಯಾಲ ತಗೀರಿ. ಮೊದಲ ಬಿಚ್ಚಿದ್ರ ನೀರು ಕಟ್ಟತೈತಿ. ರವಾಕ್ಕೂ ಇದ ಮಾಡ್ರಿ, ಇಲ್ಲ ತಂದ ದಿನಾನ ಹುರದು ಆರಿಸಿ ಇಡ್ರಿ. ಬೋರಿಕ್ ಪುಡಿ ತಿನ್ನೂ ಕಾಳಿಗೆ ಹಾಕಬ್ಯಾಡ್ರಿ.

ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಮಾರ್ಚ್ ಒಳಗ, ಹೊಸಾ ಹುಣಸಿ ಫೆಬ್ರುವರಿ ಮ್ಯಾಲ. ಮೆಣಸಿನಕಾಯಿ ತೊಟ್ಟು ಮುರೀದಂಗ ಇಡ್ರಿ, ಬೇಕಾದಷ್ಟ ಪುಡಿ ಮಾಡಸ್ರಿ, ಬೆಳಕಿಗೆ ಬಣ್ಣ ಹಾರತೈತಿ. ಹುಣಸಿ ಬೀಜ, ನಾರು ತಗದು, ಕಲ್ಲುಪ್ಪು ಹಾಕಿ ಒತ್ತಿ ಒತ್ತಿ ಗಡಿಗ್ಯಾಗ ತುಂಬರಿ.

ಲೆಕ್ಕದಪುಸ್ತಕ

ತೊಗರಿ ನಾಡಿನವರಿಗೆ ಒಂದು ತಕರಾರು. ಎರಡು ಕೋಣೆಯ ಬಾಡಿಗೆ ಮನೆ, ಬಿಸಿಲು ಬೀಳುವ ತಾರಸಿ ಇಲ್ಲ, 50 ಕೆಜಿ ಎಲ್ಲಿಡೋದು? ಕೈಸಾಲ ಮಾಡಿ ವರ್ಷದ ದಿನಸಿ ತಂದರೆ ಬಡ್ಡಿಯಲ್ಲೇ ಲಾಭ ಹೋಗುತ್ತೆ.

ತೊಗರಿ ನಾಡು

ಒಪ್ಪಿದೆ ರೀ. ಬಿಸಲಿಲ್ಲದವರು ವರ್ಷದ್ದು ತರಬಾರ್ದು, ಹುಳಕ್ಕ ಹಾಕಿದಂಗ ಆಗತೈತಿ. ನಾಕು ಮನಿಯವರು ಕೂಡಿ ಒಂದು ಚೀಲ ತಂದು ಹಂಚಿಕೊಂಡ್ರ ದರಾನೂ ಸಿಗತೈತಿ, ಮೂರು ತಿಂಗಳಾಗ ಖರ್ಚೂ ಆಗತೈತಿ. ಸಾಲ ಮಾಡಿ ಅಂತೂ ಬ್ಯಾಡ.

ಅಡುಗೆಮನೆ ಅತ್ತಿಗೆ

ಪ್ಯಾಕೆಟ್ ತರುವವರು ಬೆಲೆ ನೋಡುವಾಗ ತೂಕವನ್ನೂ ನೋಡಿ. ಈಗ ಪ್ಯಾಕೆಟ್ಟಿನ ಮೇಲೆ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಅನ್ನೋ ಬೆಲೆಯನ್ನೂ ಅಚ್ಚು ಹಾಕಬೇಕು, ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿರುತ್ತೆ. ಅದನ್ನೇ ಹೋಲಿಸಿ. ದೊಡ್ಡ ಪ್ಯಾಕು ಯಾವಾಗಲೂ ಅಗ್ಗ ಅಲ್ಲ. ಎಣ್ಣೆ 1 ಲೀಟರ್ ಅಂದರೆ ಸುಮಾರು 910 ಗ್ರಾಂ. ಪಕ್ಕದಲ್ಲೇ ಅದೇ ಗಾತ್ರದಂತೆ ಕಾಣುವ 850, 800 ಗ್ರಾಂ ಪ್ಯಾಕೂ ಇರುತ್ತೆ, ಬೆಲೆ ಕಮ್ಮಿ ಅಂತ ಕೈ ಹಾಕಿದರೆ ಎಣ್ಣೆಯೂ ಕಮ್ಮಿ.

ಕರಿದ ಎಣ್ಣೆ ಉಳಿಯಬಾರದು ಅಂದರೆ ಅಗಲ ಬಾಣಲೆ ಬಿಟ್ಟು ಚಿಕ್ಕ ಗುಂಡಿ ಬಾಣಲೆ ತಗೊಳ್ಳಿ, ಅರ್ಧ ಎಣ್ಣೆಯಲ್ಲಿ ಕೆಲಸ ಆಗುತ್ತೆ. ಉಳಿದದ್ದನ್ನು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಕಪ್ಪಾಗಿ, ಮಂದವಾಗಿ, ನೊರೆ ಬರುವ ಎಣ್ಣೆಯನ್ನು ಉಳಿಸೋದು ಉಳಿತಾಯ ಅಲ್ಲ.

ಹೊಸಮನೆ

ಮೀಟರ್‌ಬೋರ್ಡು ಸರ್, ಎಲ್ಲ ಸ್ವಿಚ್ಚು ಆರಿಸಿ, ಫ್ರಿಜ್ ಪ್ಲಗ್ಗೂ ಕಿತ್ತು ನೋಡಿದ್ದಾಯ್ತು. ಆದರೂ ಕೆಂಪು ದೀಪ ನಿಮಿಷಕ್ಕೆ ಎರಡು ಸಲ ಮಿಟುಕುತ್ತಿದೆ. 3200ರ ಮೀಟರ್. ಮನೆಯಲ್ಲಿ ಯುಪಿಎಸ್ ಇದೆ.

ಮೀಟರ್‌ಬೋರ್ಡು

ನಿಮಿಷಕ್ಕೆ 2 ಅಂದರೆ ಸುಮಾರು 37 ವ್ಯಾಟ್. ದಿನವಿಡೀ ಹೀಗೇ ಇದ್ದರೆ ತಿಂಗಳಿಗೆ 27 ಯೂನಿಟ್. ಮೊದಲ ಅನುಮಾನ ಯುಪಿಎಸ್ ಮೇಲೆ. ಅದರ ಇನ್‌ಪುಟ್ ಪ್ಲಗ್ ತೆಗೆದು ಮತ್ತೆ ಎಣಿಸಿ. ಮಿಟುಕು ನಿಂತರೆ ಬ್ಯಾಟರಿ ಮುಟ್ಟಿ ನೋಡಿ. ಚಾರ್ಜ್ ತುಂಬಿ ಗಂಟೆಗಳಾದರೂ ಬೆಚ್ಚಗೇ ಇದ್ದು, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿಯುತ್ತಿದ್ದರೆ ಬ್ಯಾಟರಿಯ ಒಂದು ಸೆಲ್ ಹೋಗಿರಬಹುದು, ಅಂಗಡಿಯಲ್ಲಿ ಸೆಲ್ ಸೆಲ್ ಆಗಿ ಪರೀಕ್ಷೆ ಮಾಡಿಸಿ. ನೀರು ಗುರುತಿನ ಕೆಳಗಿದ್ದರೆ ಮೊದಲು ಅದನ್ನು ತುಂಬಿ, ನಲ್ಲಿ ನೀರು ಬೇಡ.

ಪ್ಲಗ್ ತೆಗೆದರೂ ನಿಲ್ಲದಿದ್ದರೆ ಎಂಸಿಬಿಗಳನ್ನು (ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಸ್ವಿಚ್ಚು) ಒಂದೊಂದಾಗಿ ಇಳಿಸಿ. ಯಾವುದನ್ನು ಇಳಿಸಿದಾಗ ನಿಲ್ಲುತ್ತೋ ಆ ಲೈನಿನಲ್ಲಿ ಕಾಣದ ಸಾಮಾನು ಇದೆ: ಕಾಲಿಂಗ್ ಬೆಲ್ಲಿನ ಟ್ರಾನ್ಸ್‌ಫಾರ್ಮರ್, ಸಿಸಿಟಿವಿ, ತಾರಸಿಯ ಹೊರದೀಪ. ಇಲ್ಲವೇ ಒದ್ದೆ ಗೋಡೆಯಲ್ಲಿ ವೈರು ಸೋರುತ್ತಿದೆ. ಕೊನೆಗೆ ಮೇನ್ ಇಳಿಸಿ. ಮೇನ್ ಇಳಿಸಿದ ಮೇಲೂ ಮಿಟುಕಿದರೆ ಮೀಟರಿಗೂ ಮೇನಿಗೂ ನಡುವೆ ಬೇರೆ ಯಾವುದೋ ತಂತಿ ಸೇರಿದೆ. ಬಾಡಿಗೆ ಕಟ್ಟಡಗಳಲ್ಲಿ ಸಂಪಿನ ಮೋಟಾರು, ಮೆಟ್ಟಿಲಿನ ದೀಪ ಒಬ್ಬರ ಮೀಟರಿಗೆ ಕೊಟ್ಟಿರೋದು ಉಂಟು. ಅದನ್ನು ನೀವು ಬಿಚ್ಚಬೇಡಿ, ಮೇನ್ ಇಳಿಸಿದರೂ ಮೀಟರ್ ಕಡೆಯ ತಂತಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತೆ. ಮಾಲೀಕರ ಎದುರಿಗೇ ಮೇನ್ ಇಳಿಸಿ ಮಿಟುಕುವುದನ್ನು ತೋರಿಸಿ, ವಿಡಿಯೊ ಮಾಡಿಟ್ಟುಕೊಳ್ಳಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಯಾವ ಎಂಸಿಬಿಗೆ ನಿಂತಿತು ಅಂತ ಇಲ್ಲಿ ಬರೆಯಿರಿ, ಮುಂದಿನದು ಹೇಳ್ತೀನಿ.